ಟಾರ್ಪಿಡೊ ಇಲ್ಲದ ಸಬ್‌ಮೆರೀನ್: ಪೋರ್ಟ್ಸ್‌ಮತ್‌ನ ಆಲ್ಬಕೋರ್ ಸಂಗ್ರಹಾಲಯ

ವಿಶಾಖಪಟ್ಟಣದ ಕಡಲತೀರದಲ್ಲಿ ಈಗ ಸಂಗ್ರಹಾಲಯವಾಗಿರುವ ಸಬ್‌ಮೆರೀನ್ ಐಎನ್‌ಎಸ್ ಕುರ್ಸುರಾವನ್ನು ಹತ್ತಿಳಿದು ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಊರಿನಲ್ಲಿ, ನೀರಿಲ್ಲದ ತಗ್ಗಿನಲ್ಲಿ ಕೂರಿಸಿರುವ ಯುಎಸ್‌ಎಸ್ ಆಲ್ಬಕೋರ್ ಅನ್ನು ಅವರು ನೋಡಿದರೆ ಮೊದಲು ಬೆರಗಾಗುವುದು ಅದರ ಆಕಾರಕ್ಕೆ. ಕುರ್ಸುರಾ 91 ಮೀಟರ್ ಉದ್ದದ, ಚಪ್ಪಟೆ ಡೆಕ್ಕಿನ, ಹಡಗಿನ ಮೂತಿಯನ್ನೇ ಉಳಿಸಿಕೊಂಡ ನೌಕೆ. ಆಲ್ಬಕೋರ್ ಸುಮಾರು 62 ಮೀಟರ್ ಉದ್ದದ್ದು, ಮುಂದೆ ದುಂಡಗೆ ತುಂಬಿಕೊಂಡು ಹಿಂದಕ್ಕೆ ಹೋದಂತೆ ಸಪೂರವಾಗುವ ನೀರಹನಿಯಂಥದ್ದು. ಇನ್ನೊಂದು ವ್ಯತ್ಯಾಸ ಒಳಗೆ ಹೋದಾಗ ತಿಳಿಯುತ್ತದೆ: ಇದರಲ್ಲಿ ಟಾರ್ಪಿಡೊ ಹಾರಿಸುವ ಕೊಳವೆ ಒಂದೂ ಇಲ್ಲ.

ಏಕೆಂದರೆ ಇದನ್ನು ಯುದ್ಧಕ್ಕಾಗಿ ಕಟ್ಟಲೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲದ ಸಬ್‌ಮೆರೀನ್‌ಗಳು ಹೆಚ್ಚು ಹೊತ್ತು ನೀರಿನ ಮೇಲೆ ಓಡಿ, ಅಗತ್ಯ ಬಿದ್ದಾಗ ಮುಳುಗುತ್ತಿದ್ದವು. ನೀರಿನಡಿಯಲ್ಲೇ ಇರುವ, ಅಲ್ಲೇ ವೇಗವಾಗಿ ತಿರುಗಾಡುವ ನೌಕೆಯ ಒಡಲು ಹೇಗಿರಬೇಕೆಂಬ ಪ್ರಶ್ನೆಗೆ ಮಾದರಿಗಳ ಮೇಲಿನ ಪರೀಕ್ಷೆಯಿಂದ ಬಂದ ಉತ್ತರವನ್ನು ನಿಜವಾದ ಕಡಲಿನಲ್ಲಿ ಒರೆಗೆ ಹಚ್ಚಲು, ಇದೇ ಪ್ರದೇಶದ ಪೋರ್ಟ್ಸ್‌ಮತ್ ನೌಕಾ ಕಾರ್ಖಾನೆಯಲ್ಲಿ ಆಲ್ಬಕೋರ್ ಅನ್ನು ಕಟ್ಟಿ 1953ರಲ್ಲಿ ನೀರಿಗಿಳಿಸಿದರು. 1972ರವರೆಗೆ ಅದು ಮಾಡಿದ್ದು ಒಂದೇ ಕೆಲಸ, ಹೊಸದನ್ನು ತನ್ನ ಮೈಮೇಲೆ ಪರೀಕ್ಷಿಸಿಕೊಳ್ಳುವುದು.

ಆದ್ದರಿಂದ ನೋಡಲು ಹೋಗುವವರಿಗೆ ನನ್ನ ಮೊದಲ ಸಲಹೆ, ಒಳಗೆ ನುಗ್ಗುವ ಮುನ್ನ ಹೊರಗಡೆ ಬಾಲದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು. ಈ ನೌಕೆಯ ಚರಿತ್ರೆಯ ಬಹುಭಾಗ ಅಲ್ಲಿದೆ. ಮೊದಲು ಚುಕ್ಕಾಣಿಗಳು ಪ್ರೊಪೆಲರಿನ ಹಿಂದಿದ್ದವು. 1956ರ ಹೊತ್ತಿಗೆ ಅದನ್ನು ಬದಲಿಸಿ ಪ್ರೊಪೆಲರನ್ನೇ ತೀರಾ ಹಿಂದಕ್ಕೆ ಒಯ್ದರು. 1961ರಲ್ಲಿ, ಅಡ್ಡಕ್ಕೂ ಉದ್ದಕ್ಕೂ ಇದ್ದ ರೆಕ್ಕೆಗಳನ್ನು ತೆಗೆದು, ಈಗ ನಾವು ಕಾಣುವ ಓರೆಯಾದ ನಾಲ್ಕು ರೆಕ್ಕೆಗಳನ್ನು ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಕೂರಿಸಿದರು. ಆ ಬಳಿಕ ಒಂದರ ಹಿಂದೊಂದು ನಿಂತು ವಿರುದ್ಧ ದಿಕ್ಕಿಗೆ ತಿರುಗುವ ಎರಡು ಪ್ರೊಪೆಲರುಗಳು, ಬೆಳ್ಳಿ-ಸತುವಿನ ದೊಡ್ಡ ಬ್ಯಾಟರಿ ಬಂದವು. ಆಗ ಅದು ನೀರಿನಡಿ 33 ನಾಟ್, ಎಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ ಮುಟ್ಟಿತೆಂದು ಹೇಳುತ್ತಾರೆ. ಡೀಸೆಲ್ ಮತ್ತು ಬ್ಯಾಟರಿಯಿಂದ ಓಡುವ ನೌಕೆಗೆ ಇದು ಈ ಹೊತ್ತಿಗೂ ಬೆರಗಿನ ವೇಗ.

ಎಲ್ಲ ಪ್ರಯೋಗಗಳೂ ಫಲ ಕೊಡಲಿಲ್ಲ, ಮತ್ತು ಈ ಸಂಗ್ರಹಾಲಯದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಅಂಥ ಪ್ರಯೋಗಗಳ ಕಥೆಯೇ. ವೇಗವಾಗಿ ಆಳಕ್ಕೆ ಜಾರುವ ನೌಕೆಯನ್ನು ತಡೆಯಲು ಬಿ-47 ಬಾಂಬರ್ ವಿಮಾನದ ಪ್ಯಾರಾಶೂಟನ್ನೇ ಇದಕ್ಕೆ ಕಟ್ಟಿ ನೋಡಿದ್ದರು. ನೀರಿನ ಘರ್ಷಣೆ ಕಡಿಮೆ ಮಾಡಲು ಮೂತಿಯಿಂದ ಪಾಲಿಮರ್ ದ್ರಾವಣವನ್ನು ಹೊರಸೂಸಿ, ಒಡಲಿನ ಸುತ್ತಲಿನ ನೀರನ್ನೇ ನುಣುಪಾಗಿಸುವ ಪರೀಕ್ಷೆ ಅದರ ಕೊನೆಯ ವರ್ಷಗಳಲ್ಲಿ ನಡೆಯಿತು. ಎಕ್ಸ್ ಬಾಲವನ್ನು ಅಮೆರಿಕದ ನೌಕಾಪಡೆ ಆಗ ಮುಂದುವರಿಸಲಿಲ್ಲ. ಈಗ ಕಟ್ಟುತ್ತಿರುವ ಕೊಲಂಬಿಯಾ ವರ್ಗದ ಸಬ್‌ಮೆರೀನ್‌ಗಳಲ್ಲಿ ಅದೇ ಬಾಲ ಮರಳಿದೆ. ನೀರಹನಿಯ ಒಡಲು ಮಾತ್ರ ಬೇಗ ಗೆದ್ದಿತು: 1959ರಲ್ಲಿ ಸೇವೆಗೆ ಸೇರಿದ ಸ್ಕಿಪ್‌ಜಾಕ್, ಆ ಒಡಲನ್ನು ಪರಮಾಣು ಶಕ್ತಿಯೊಂದಿಗೆ ಕೂಡಿಸಿತು.

ಒಳಗಿನ ದಾರಿ ಇಕ್ಕಟ್ಟಾಗಿದೆ. ದುಂಡನೆಯ ಬಾಗಿಲುಗಳಲ್ಲಿ ತಲೆ ತಗ್ಗಿಸಿ ಕಾಲೆತ್ತಿ ದಾಟಬೇಕಾದ್ದರಿಂದ, ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಮೊದಲೇ ಯೋಚಿಸುವುದು ಒಳ್ಳೆಯದು. ಅಲ್ಲಲ್ಲಿರುವ ಗುಂಡಿ ಒತ್ತಿದರೆ ಇದರಲ್ಲಿ ದುಡಿದ ನಾವಿಕರ ಧ್ವನಿಯಲ್ಲೇ ವಿವರಣೆ ಕೇಳಿಸುತ್ತದೆ. ಅವಸರಪಡದೆ ಅವನ್ನೆಲ್ಲ ಕೇಳಬೇಕು. ವಿಮಾನದ ಹಿಡಿಯಂಥ ನಿಯಂತ್ರಣದಿಂದ ನೌಕೆಯನ್ನು ನೀರಿನಲ್ಲಿ ಹಾರಿಸುತ್ತಿದ್ದ ಜಾಗ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಎಂಜಿನ್ ಕೋಣೆ. ಜಾಗ ಉಳಿಸಲೆಂದು ಹದಿನಾರು ಸಿಲಿಂಡರುಗಳನ್ನು ಅಂತಸ್ತು ಅಂತಸ್ತಾಗಿ ಪೇರಿಸಿದ ಇಲ್ಲಿನ ಡೀಸೆಲ್ ಎಂಜಿನ್ನುಗಳು ಪದೇ ಪದೇ ಕೈಕೊಟ್ಟು, ಬಿಡಿಭಾಗಗಳೂ ಸಿಗದಂತಾಗಿ, ನೌಕೆಯ ನಿವೃತ್ತಿಗೆ ಕಾರಣವಾದವು. ಹೊಸ ಎಂಜಿನ್ ಕೂಡ ಒಂದು ಪ್ರಯೋಗವೇ ಆಗಿತ್ತೆಂಬುದು ಅಲ್ಲಿ ನಿಂತಾಗ ಮನದಟ್ಟಾಗುತ್ತದೆ.

ಆವರಣದಲ್ಲಿ ಮುಳುಗಿಹೋದ ಸಬ್‌ಮೆರೀನ್‌ಗಳ ಸ್ಮಾರಕ ತೋಟವಿದೆ. ಇದೇ ಕಾರ್ಖಾನೆಯಲ್ಲಿ ಹುಟ್ಟಿದ ಥ್ರೆಷರ್, 1963ರ ಏಪ್ರಿಲ್ 10ರಂದು ಆಳದ ಪರೀಕ್ಷೆಗೆಂದು ಮುಳುಗಿ ಮತ್ತೆ ಮೇಲೇಳಲಿಲ್ಲ. ಅದರಲ್ಲಿದ್ದ 129 ಮಂದಿಯೂ ಹೋದರು. ನೌಕೆಗೆ ಒಂದೂವರೆ ಗಂಟೆ ಮೀಸಲಿಡುವವರು ಈ ತೋಟಕ್ಕೆಂದು ಇನ್ನೊಂದು ಕಾಲು ಗಂಟೆ ಸೇರಿಸಿಕೊಂಡೇ ಹೊರಡಬೇಕು.