ಮನೆಯವರ ರಿಪೋರ್ಟ್ ಎಲ್ಲಿಡಬೇಕು? ವಾಟ್ಸಾಪ್, ಡಿಜಿಲಾಕರ್, ಆಭಾ, ಸ್ವಂತ ಬೀಗ: ಒಂದು ಹೋಲಿಕೆ

ಶುಗರ್, ಬಿಪಿ ಇರುವ ಹಿರಿಯರೊಬ್ಬರು ಮನೆಯಲ್ಲಿದ್ದರೆ ಸಾಕು, ವರ್ಷ ತುಂಬುವುದರೊಳಗೆ ಲ್ಯಾಬಿನ ಪಿಡಿಎಫ್, ಡಾಕ್ಟರ ಕೈಬರಹದ ಚೀಟಿ, ಡಿಸ್ಚಾರ್ಜ್ ಸಮರಿ, ಸಿಟಿ ಸ್ಕ್ಯಾನಿನ ಸಿಡಿ ಎಲ್ಲವೂ ಜಮೆಯಾಗುತ್ತವೆ. ಈ ನಾಲ್ಕು ಬಗೆಯ ದಾಖಲೆಗಳನ್ನು ನಾಲ್ಕು ಕಡೆ ಇಟ್ಟು, ತೆಗೆದು, ಹಂಚಿ ನೋಡಿದ ಮೇಲೆ ಬರೆದದ್ದು ಇದು. ನೋಡಿದ್ದು ಮೂರೇ ವಿಷಯ: ಫೈಲು ಕೆಡದೆ ಉಳಿಯುತ್ತದೆಯೇ, ಬೇಡದವರ ಕೈಗೆ ಹೋಗುತ್ತದೆಯೇ, ಡಾಕ್ಟರ ಎದುರು ಕೂತಾಗ ತಟ್ಟನೆ ಸಿಗುತ್ತದೆಯೇ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಮೂಲಪ್ರತಿ ನಿಮ್ಮದೇ ಬೀಗದೊಳಗಿರಲಿ, ಉಳಿದ ಮೂರೂ ಅದಕ್ಕೆ ಜೊತೆಗಾರರು ಅಷ್ಟೇ.

ವಾಟ್ಸಾಪ್ ಗ್ರೂಪ್

ಹೆಚ್ಚಿನ ಮನೆಗಳಲ್ಲಿ ಇವತ್ತಿನ ಕಡತಕೋಣೆ ಇದೇ. ಲ್ಯಾಬಿನವರು ಕಳಿಸುವುದೂ ಇಲ್ಲಿಗೆ, ಮಗಳು ಅಮೆರಿಕದಿಂದ ನೋಡುವುದೂ ಇಲ್ಲೇ. ಸಂದೇಶಕ್ಕೆ 2016ರಿಂದ, ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ, ನಿಜ. ಆದರೆ ಫೋಟೊ ಗ್ಯಾಲರಿಗೆ ಇಳಿದ ಕ್ಷಣ ಆ ರಕ್ಷಣೆ ಮುಗಿಯಿತು. ಗ್ಯಾಲರಿ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿದ್ದರೆ ರಿಪೋರ್ಟೂ ಅಲ್ಲಿಗೇ ಹೋಗುತ್ತದೆ. ಚಾಟ್ ಬ್ಯಾಕಪ್ಪಿಗೂ ಈ ಎನ್‌ಕ್ರಿಪ್ಷನ್ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಒಳಗೆ ಹೋಗಿ ಅದನ್ನು ಬೇರೆಯಾಗಿ ಆನ್ ಮಾಡಬೇಕು. ಹಾಗೆಯೇ ಆ ಗ್ರೂಪಿನ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ, ಆಗ ಫೋಟೊ ಗ್ಯಾಲರಿಗೆ ಇಳಿಯುವುದಿಲ್ಲ.

ಇನ್ನೊಂದು ತೊಂದರೆ ಚಿತ್ರದ ಗುಣಮಟ್ಟ. ಚೀಟಿಯನ್ನು ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ‘0.5’ರ ಚುಕ್ಕೆ ಮಸುಕಾಗಿ ‘05’ ಎಂದು ಓದಿಸಿಕೊಂಡರೆ ಡೋಸೇ ಹತ್ತುಪಟ್ಟು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಡಿಸಪಿಯರಿಂಗ್ ಮೆಸೇಜ್ ಆನ್ ಆಗಿದ್ದರೆ, ಆರಿಸಿದ ಅವಧಿಗೆ ತಕ್ಕಂತೆ 24 ಗಂಟೆ, 7 ದಿನ ಅಥವಾ 90 ದಿನದ ನಂತರ ರಿಪೋರ್ಟ್ ಮಾಯ. ಹುಡುಕುವ ಕಷ್ಟವನ್ನಂತೂ ಕೇಳಬೇಡಿ: ಶುಭೋದಯದ ಹೂವು, ಕಿಡ್ನಿ ಕಲ್ಲಿಗೆ ಮನೆಮದ್ದು, ಅದರ ನಡುವೆ ಎಲ್ಲೋ ಅಪ್ಪನ ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್.

ಡಿಜಿಲಾಕರ್

ಚಿಕ್ಕದಾಗಿ ಹೇಳಬಹುದು. 2015ರಲ್ಲಿ ಶುರುವಾದ ಸರ್ಕಾರಿ ಸೇವೆ, 1 ಜಿಬಿ ಜಾಗ, ಒಂದು ಫೈಲು 10 ಎಂಬಿ ಮೀರಬಾರದು, ಪಿಡಿಎಫ್ ಮತ್ತು ಚಿತ್ರಗಳಿಗೆ ಮಾತ್ರ ಅವಕಾಶ. ಹಾಗಾಗಿ ಸಿಟಿ ಸ್ಕ್ಯಾನಿನ ಚಿತ್ರಗಳಿರುವ ಡೈಕಾಮ್ ಎಂಬ ಬಗೆಯ ಫೈಲುಗಳು ಇಲ್ಲಿ ಹಿಡಿಸುವುದಿಲ್ಲ. ಸಂಸ್ಥೆಯೇ ನೇರವಾಗಿ ಕೊಟ್ಟ ‘ಇಶ್ಯೂಡ್’ ದಾಖಲೆಗೆ ಕಾನೂನಿನಲ್ಲಿ ಮೂಲಪ್ರತಿಯ ಮಾನ್ಯತೆ ಇದೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಅದು ಇಲ್ಲ. ಲಸಿಕೆ ಪ್ರಮಾಣಪತ್ರ, ಗುರುತಿನ ಚೀಟಿಗಳಿಗೆ ಒಳ್ಳೆಯದು. ಕೈಬರಹದ ಚೀಟಿಗಳ ರಾಶಿಗೆ ಹೇಳಿಮಾಡಿಸಿದ್ದಲ್ಲ.

ಆಭಾ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸುಳ್ಳು ಸುದ್ದಿ ಹೆಚ್ಚು ಅಂಟಿಕೊಂಡಿರುವುದು ಇದಕ್ಕೇ. ‘ಆಭಾ ಕಾರ್ಡ್ ಮಾಡಿಸಿದರೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ’ ಎನ್ನುವ ಫಾರ್ವರ್ಡ್ ತಪ್ಪು. 5 ಲಕ್ಷದ ವಾರ್ಷಿಕ ಮಿತಿ ಇರುವುದು ಸರ್ಕಾರದ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಕಾರ್ಡಿಗೆ. ನಮ್ಮಲ್ಲಿ ಆ ಯೋಜನೆಯ ಹೆಸರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಆಭಾ ಎಂಬುದು ಸರ್ಕಾರದ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಲು ಮಾತ್ರ. ಯಾವ ದುಡ್ಡೂ ಅದರಿಂದ ಬರುವುದಿಲ್ಲ, ಮಾಡಿಸುವುದು ಕಡ್ಡಾಯವೂ ಅಲ್ಲ. ಆ ಫಾರ್ವರ್ಡಿನ ಜೊತೆ ಎಪಿಕೆ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ) ಫೈಲು ಬಂದರೆ ಮುಟ್ಟಬೇಡಿ. ಅಂಥವು ಎಸ್‌ಎಂಎಸ್ ಓದುವ ಅನುಮತಿ ಕೇಳುವುದೇ ಒಟಿಪಿ ಕದಿಯಲು. ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಏರ್‌ಪ್ಲೇನ್ ಮೋಡ್, ಆಮೇಲೆ ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಆಭಾ ಆ್ಯಪ್ ಕೆಲಸ ಮಾಡುವ ಬಗೆಯನ್ನು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಆಸ್ಪತ್ರೆಯ ರಿಪೋರ್ಟ್ ಆಸ್ಪತ್ರೆಯ ಸರ್ವರಿನಲ್ಲೇ ಉಳಿಯುತ್ತದೆ; ನೀವು ಒಪ್ಪಿದಾಗ ಆ್ಯಪ್ ಅದನ್ನು ತರಿಸಿ ತೋರಿಸುತ್ತದೆ. ಆಸ್ಪತ್ರೆ ಈ ಜಾಲಕ್ಕೆ ಸೇರಿರದಿದ್ದರೆ ಏನೂ ಬರುವುದಿಲ್ಲ. ಸೇರಿದ್ದರೂ ಅವರ ಕಡತದಲ್ಲಿನ ಹೆಸರು, ಲಿಂಗ, ಹುಟ್ಟಿದ ವರ್ಷ ಹೊಂದದಿದ್ದರೆ ಲಿಂಕ್ ಆಗದೆ ಸತಾಯಿಸುತ್ತದೆ. ಆಧಾರಿನಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಇನಿಷಿಯಲ್, ಆಸ್ಪತ್ರೆಯಲ್ಲಿ ಬರೀ ಹೆಸರು. ನಮ್ಮ ಕಡೆ ಇದು ಮಾಮೂಲು. ಕೌಂಟರಿನಲ್ಲೇ ಸರಿಪಡಿಸಿಕೊಳ್ಳಿ. ಇಡೀ ಮನೆಗೆ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದರೆ ಒಟಿಪಿ ಬಂದಾಗ ಪಟ್ಟಿಯಲ್ಲಿ ಯಾರ ಆಭಾ ಆರಿಸುತ್ತಿದ್ದೀರಿ ಎಂದು ನೋಡಿ. ಅಮ್ಮನ ಸ್ಕ್ಯಾನ್ ಮಗನ ಖಾತೆಗೆ ಸೇರುವುದು ಹೀಗೆಯೇ.

ಒಪಿಡಿ ಮುಂದಿನ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಹೋಗಿ ಟೋಕನ್ ಸಿಗುತ್ತದೆ. ಹಳೆಯ ರಿಪೋರ್ಟ್ ಅದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆ ಒಪ್ಪಿಗೆ ಕೋರಿಕೆ ಬರುತ್ತದೆ. ಅಲ್ಲಿ ನೇರ ‘ಅಪ್ರೂವ್’ ಒತ್ತದೆ ಎಡಿಟ್ ಮಾಡಿ: ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ, ಒಪ್ಪಿಗೆ ಎಂದಿನವರೆಗೆ. ಮೂಳೆ ಡಾಕ್ಟರಿಗೆ ಹತ್ತು ವರ್ಷ ಹಿಂದಿನ ಮನೋವೈದ್ಯರ ಚೀಟಿ ಯಾಕೆ? ಒಪ್ಪಿಗೆ ಹಿಂಪಡೆದರೆ ಮುಂದೆ ತರಿಸಿಕೊಳ್ಳುವುದು ನಿಲ್ಲುತ್ತದೆ. ಆಗಲೇ ತರಿಸಿಕೊಂಡದ್ದು ಅಳಿಸಿತೋ ಇಲ್ಲವೋ ನಿಮ್ಮ ಫೋನಿನಲ್ಲಿ ಕಾಣದು.

ವ್ಯವಸ್ಥೆ ಒಳ್ಳೆಯದೇ. ಆದರೆ ನಿಮ್ಮ ಏಕೈಕ ಪ್ರತಿ ಆಸ್ಪತ್ರೆಯ ಸರ್ವರಿನಲ್ಲಿದ್ದರೆ ಏನಾಗಬಹುದು ಎನ್ನುವುದಕ್ಕೆ 2022ರ ನವೆಂಬರಿನಲ್ಲಿ ದೆಹಲಿ ಏಮ್ಸ್ ಆಸ್ಪತ್ರೆಯ ಮೇಲೆ ನಡೆದ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ದಾಳಿ ಸಾಕ್ಷಿ. ಸುಮಾರು ಎರಡು ವಾರ ಅಲ್ಲಿ ಕಾಗದ, ಪೆನ್ನಿನಲ್ಲೇ ಕೆಲಸ ಸಾಗಿಸಬೇಕಾಯಿತು.

ಸ್ವಂತ ಬೀಗ

ಗೂಗಲ್ ಡ್ರೈವ್ 15 ಜಿಬಿ ಉಚಿತ ಕೊಡುತ್ತದೆ. ಅದರೊಳಗೆ ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶದಿಂದ ‘ವಾಲ್ಟ್’ (ಪಾಸ್‌ವರ್ಡ್ ಇರುವ ತಿಜೋರಿ) ಮಾಡಿದರೆ ಫೈಲಿನ ಹೆಸರೂ ಸಹ ಗೂಗಲ್ಲಿಗೆ ಓದಲಾಗದು. ಕಂಪ್ಯೂಟರಿಗೆ ಉಚಿತ, ಫೋನಿನಿಂದ ಹೊಸ ಫೈಲು ಸೇರಿಸಲು ಹಣ ಕೊಡಬೇಕು. ನಾಲ್ಕೂ ಬಗೆಯ ಫೈಲು ಕೆಡದೆ ಉಳಿದದ್ದು, ಸ್ಕ್ಯಾನಿನ ಇಡೀ ಸಿಡಿ ಸೇರಿದಂತೆ, ಇಲ್ಲಿ. ಸಿಡಿಯನ್ನು ಹಾಗೇ ಫೋಲ್ಡರ್ ಆಗಿ ಕಾಪಿ ಮಾಡಿ; ಚಿತ್ರ ನೋಡಲು ವೀಸಿಸ್ ಅಥವಾ ಮೈಕ್ರೊಡೈಕಾಮ್ ಎಂಬ ತಂತ್ರಾಂಶ ಸಾಕು.

ಕೆಡುವುದು ಎರಡು ಕಡೆ. ವಾಲ್ಟ್ ಮಾಡುವಾಗ ಸಿಗುವ ರಿಕವರಿ ಕೀ ಬರೆದಿಡದೆ ಪಾಸ್‌ವರ್ಡ್ ಮರೆತರೆ ಬ್ರಹ್ಮ ಬಂದರೂ ತೆರೆಯಲಾರ. ಸಿಂಕ್ ಮುಗಿಯುವ ಮೊದಲೇ ಎರಡು ಕಂಪ್ಯೂಟರಿನಿಂದ ಒಂದೇ ಫೈಲು ತಿದ್ದಿದರೆ ನಕಲು ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಆದ್ದರಿಂದ ರಿಕವರಿ ಕೀಯನ್ನೂ ಗೂಗಲ್ಲಿನ ಎರಡು ಹಂತದ ಪರಿಶೀಲನೆಯ 10 ಬ್ಯಾಕಪ್ ಕೋಡುಗಳನ್ನೂ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ, ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ಇಷ್ಟೆಲ್ಲ ಆಗದು ಎನ್ನುವವರಿಗೆ ಫೈಲುಗಳನ್ನು ಪಾಸ್‌ವರ್ಡ್ ಹಾಕಿ ಕಟ್ಟಿಡುವ 7-ಜಿಪ್ ತಂತ್ರಾಂಶ ಸಾಕು: ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಟಿಕ್ ಮಾಡುವುದನ್ನು ಮಾತ್ರ ಮರೆಯಬಾರದು. ಲ್ಯಾಬಿನವರು ಪಿಡಿಎಫ್‌ಗೆ ಹಾಕಿ ಕೊಡುವ ‘ಹೆಸರಿನ ನಾಲ್ಕಕ್ಷರ, ಹುಟ್ಟಿದ ವರ್ಷ’ ಎಂಬ ಪಾಸ್‌ವರ್ಡನ್ನು ಬೀಗವೆಂದು ನಂಬಬೇಡಿ. ಮದುವೆಗೆ ಬಂದ ನೆಂಟರೆಲ್ಲರಿಗೂ ಅದು ಗೊತ್ತು.

ಫೈಲಿಗೆ ಹೆಸರು ‘2025-03-14-ಅಮ್ಮ-ಶುಗರ್’ ಹೀಗಿರಲಿ. ವರ್ಷ ಮೊದಲು ಬಂದರೆ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಹಾಕಬೇಕಾದ ದಿನಾಂಕ ರಕ್ತ ಕೊಟ್ಟದ್ದು, ರಿಪೋರ್ಟ್ ಪ್ರಿಂಟ್ ಆದದ್ದಲ್ಲ.

ಹಂಚುವಾಗ

ಫೇಸ್‌ಬುಕ್ ಗುಂಪಿನಲ್ಲೋ ಎಐ ಚಾಟಿನಲ್ಲೋ ರಿಪೋರ್ಟ್ ಹಾಕಿ ಸಲಹೆ ಕೇಳುವವರು ಹೆಸರು ಮುಚ್ಚುತ್ತಾರೆ, ಮೂಲೆಯ ಕ್ಯೂಆರ್ ಬಿಡುತ್ತಾರೆ. ಹಲವು ಲ್ಯಾಬುಗಳ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಪೂರ್ತಿ ರಿಪೋರ್ಟೇ ತೆರೆಯುತ್ತದೆ. ಹೈಲೈಟರಿನಿಂದ ಮುಚ್ಚಿದ್ದು ಬ್ರೈಟ್‌ನೆಸ್ ಏರಿಸಿದರೆ ಕಾಣುತ್ತದೆ, ಪಿಡಿಎಫ್ ಮೇಲಿಟ್ಟ ಕಪ್ಪು ಚೌಕವನ್ನು ಸರಿಸಬಹುದು. ಬೇಕಾದ ಸಾಲುಗಳಷ್ಟನ್ನೇ ಕ್ರಾಪ್ ಮಾಡಿ, ಅದರ ಸ್ಕ್ರೀನ್‌ಶಾಟ್ ಕಳಿಸಿ.

ಫಾರ್ವರ್ಡ್ ಎದುರು ರಿಪೋರ್ಟ್

ಕಾಲಕ್ರಮದಲ್ಲಿರುವ ಕಡತಕ್ಕೆ ಇನ್ನೊಂದು ಉಪಯೋಗವಿದೆ. ‘ಹದಿನೈದು ದಿನ ಈ ಜ್ಯೂಸ್ ಕುಡಿದು ಎಚ್‌ಬಿಎ1ಸಿ 9ರಿಂದ 6ಕ್ಕೆ ಇಳಿಯಿತು’ ಎನ್ನುವ ಮಾತನ್ನು ಅಳೆಯಲು ಎರಡು ಹಳೆಯ ರಿಪೋರ್ಟ್ ಸಾಕು. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದಲ್ಲಿ ಅಂಟಿಕೊಂಡ ಸಕ್ಕರೆಯನ್ನು; ಆ ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಆ ಅಂಕಿ ಹೇಳುವುದು ಎರಡು ಮೂರು ತಿಂಗಳ ಶುಗರಿನ ಸರಾಸರಿ. ಹದಿನೈದು ದಿನದಲ್ಲಿ ಅಷ್ಟು ಇಳಿದಿದ್ದರೆ ಲ್ಯಾಬ್ ಬದಲಾಯಿತೇ, ನಡುವೆ ರಕ್ತಸ್ರಾವವಾಯಿತೇ, ರಕ್ತ ಏರಿಸಿದರೇ ಎಂದು ನೋಡಬೇಕು. ಕೂದಲಿಗೆಂದು ನುಂಗುವ ಬಯೋಟಿನ್ ಕೆಲವು ಥೈರಾಯ್ಡ್ ಪರೀಕ್ಷೆಗಳ ಅಂಕಿ ಕೆಡಿಸುತ್ತದೆ. ಅಂಥ ಮಾತ್ರೆಗಳ ಹೆಸರೂ ಕಡತದಲ್ಲಿರಲಿ.

ಡೆಂಗ್ಯೂಗೆ ಪಪ್ಪಾಯಿ ಎಲೆಯ ರಸ ಕುಡಿದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಏರುತ್ತದೆ ಎಂಬುದೂ ಹೀಗೆಯೇ. ಚೇತರಿಕೆಯ ಹಂತಕ್ಕೆ ಬಂದವರಿಗೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಅದೇ ಹೊತ್ತಿಗೆ ರಸ ಕುಡಿದಿದ್ದರೆ ಹೆಸರು ರಸಕ್ಕೆ. ದಿನದಿನದ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟನ್ನು ಸಾಲಾಗಿಟ್ಟಾಗ ಪ್ಲೇಟ್‌ಲೆಟ್ ಜೊತೆ ಪಿಸಿವಿಯನ್ನೂ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಿ. ಜ್ವರ ಇಳಿಯುವ ಹೊತ್ತಿಗೆ ಪ್ಲೇಟ್‌ಲೆಟ್ ಕುಸಿಯುತ್ತ ಪಿಸಿವಿ ಏರುತ್ತಿದ್ದರೆ, ಅಥವಾ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ಆ ಸಾಲನ್ನು ಹಿಡಿದು ಆಗಲೇ ಆಸ್ಪತ್ರೆಗೆ ಹೋಗಬೇಕು.