ಡ್ರಮ್‌ನಲ್ಲಿ ಫೋಟೋ ತೊಳೆಯುವವರೇ, ಮೊದಲು ಮುಚ್ಚಳದ ಒಳಗೆ ನೋಡಿ

ಹಳೇ ಡ್ರಮ್ (ಫೋಟೋ ಪೇಪರ್ ಒಳಗಿಟ್ಟು ತೊಳೆಯುವ, ಬೆಳಕು ನುಗ್ಗದ ಮುಚ್ಚಳದ ಕೊಳವೆ) ಕೊಂಡು ಮನೆಯಲ್ಲೇ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್ ತೊಳೆಯಬೇಕು ಅಂತ ಇದ್ದೀರಾ? ಹಾಗಾದರೆ ದಯವಿಟ್ಟು ಇದನ್ನು ಓದಿ. ಹೋದ ಮೇ ತಿಂಗಳಲ್ಲಿ ಒಂದೇ ರಾತ್ರಿ ನನ್ನ ಆರು ಹಾಳೆ ಹಾಳಾದವು. ಅವು ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದ ಫೈಬರ್ ಪೇಪರ್, ಅಂದರೆ ಪ್ಲಾಸ್ಟಿಕ್ ಲೇಪ ಇಲ್ಲದ ಫೋಟೋ ಪೇಪರ್. ಇದ್ದದ್ದೇ ಹತ್ತು.

ನಮ್ಮದು ಕೊಪ್ಪಳ. ಗವಿಮಠದ ಜಾತ್ರೆಯಲ್ಲಿ ಅಪ್ಪ ತೆಗೆದ ಒಂದು ನೆಗೆಟಿವ್ ಇದೆ. ತೇರಿನತ್ತ ಉತ್ತತ್ತಿ ಎಸೆಯುವ ಕೈಗಳು, ಕೆಳಗೆ ಹಗ್ಗ ಹಿಡಿದು ನಿಂತ ನಮ್ಮ ದೊಡ್ಡಪ್ಪ. ಅವರಿಗೆ ಮೀಸೆ ಆಗಷ್ಟೇ ಮೂಡಿತ್ತು. ಆ ಫೋಟೋವನ್ನು ಅವರ ಕೈಗೆ ಕೊಡಬೇಕು ಅನ್ನೋದು ನನ್ನ ಆಸೆ.

ನಮ್ಮ ಬಚ್ಚಲಲ್ಲಿ ಮೂರು ಟ್ರೇ ಇಡಲು ಜಾಗ ಇಲ್ಲ. ಅದಕ್ಕೇ ಡ್ರಮ್ ತರಿಸಿದೆ. ಕತ್ತಲಲ್ಲಿ ಪೇಪರ್ ಒಳಗೆ ಹಾಕಿ ಮುಚ್ಚಿದರೆ ಆಮೇಲೆ ಲೈಟ್ ಹಾಕಬಹುದು. 8×10 ಇಂಚಿನ ಹಾಳೆಗೆ 60 ಮಿಲಿ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಸಾಕಾಯಿತು. ಮಾರಿದವರು, "ಒಂದು ಪ್ರಿಂಟ್ ಆದ ಮೇಲೆ ನೀರು ಹಾಕಿ ಜಾಡಿಸಿ, ಮುಂದಿನದು ಹಾಕಿ" ಅಂದಿದ್ದರು. ನಾನು ನಂಬಿದೆ.

ಮೊದಲ ಪ್ರಿಂಟ್ ಸ್ವಲ್ಪ ಕಪ್ಪಾಯಿತು, ಆದರೆ ಸ್ವಚ್ಛವಾಗಿತ್ತು. ಎರಡನೆಯದರ ಅಂಚಿನಲ್ಲಿ ಉದ್ದಕ್ಕೆ ಬಿಳಿ ಗೆರೆ, ನಡುವೆ ಕೆಸರಿನಂಥ ಬೂದು ಬಣ್ಣ. ಪೇಪರ್ ಹಳೇದಾಯಿತು ಅಂದುಕೊಂಡೆ. ಮೂರನೆಯದಕ್ಕೆ ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ಪೇಪರ್ ಮೇಲೆ ಬೀಳಿಸುವ ಯಂತ್ರ) ಬೆಳಕು ಜಾಸ್ತಿ ಕೊಟ್ಟೆ. ನಾಲ್ಕನೆಯದಕ್ಕೆ ಡೆವಲಪರ್ ಗಟ್ಟಿ ಮಾಡಿದೆ. ಐದನೆಯದು ಡ್ರಮ್ ಗೋಡೆಗೆ ಅಂಟಿ ಕೂತಿತ್ತು, ಉಗುರಿನಿಂದ ಬಿಡಿಸಹೋಗಿ ಹರಿದೇಹೋಯಿತು. ಆರು, ಏಳು ಕೂಡ ಹಾಗೇ ಮಸುಕು. ದೊಡ್ಡಪ್ಪನ ಮುಖ ಇರಬೇಕಾದ ಕಡೆ ಬರೀ ಕಲೆ. ಅಳು ಬಂತು.

ಕೊನೆಗೆ ಒಂದು ಹಾಳೆ ಕತ್ತರಿಸಿ, ಅದರ ತುಂಡಿಗೆ ಬೆಳಕು ಕೊಟ್ಟು, ಊಟದ ಡಬ್ಬಿಯಲ್ಲಿ ಹೊಸ ಡೆವಲಪರ್ ಹಾಕಿ ತೊಳೆದೆ. ಚೆನ್ನಾಗಿಯೇ ಬಂತು! ಹಾಗಾದರೆ ಪೇಪರ್‌ದು ತಪ್ಪಲ್ಲ. ಆಗ ಮುಚ್ಚಳ ತೆಗೆದು ತಿರುಗಿಸಿ ನೋಡಿದೆ. ಒಳಗಿನ ಬಟ್ಟಲಿನ ಮೂಲೆಯಲ್ಲಿ ಹಿಂದಿನ ಪ್ರಿಂಟ್‌ನ ಹೈಪೋ (ಮೂಡಿದ ಚಿತ್ರ ಉಳಿಯಲಿ ಅಂತ ಡೆವಲಪರ್ ಆದ ಮೇಲೆ ಹಾಕುವ ದ್ರಾವಣ) ಒಂದು ಚಮಚದಷ್ಟು ನಿಂತಿತ್ತು.

ಒಂದು ಚಮಚ ಅಂದರೆ 5 ಮಿಲಿ. ಟ್ರೇಯಲ್ಲಿರುವ ಒಂದು ಲೀಟರ್ ಡೆವಲಪರ್‌ಗೆ ಅದು ಅಷ್ಟಾಗಿ ಗೊತ್ತಾಗಲ್ಲ. 60 ಮಿಲಿಗೆ ಅದು ಹನ್ನೆರಡರಲ್ಲಿ ಒಂದು ಪಾಲು. ಹೈಪೋದ ಕೆಲಸವೇ ಪೇಪರ್ ಮೇಲಿನ ಬೆಳ್ಳಿಯ ಉಪ್ಪನ್ನು ಕರಗಿಸುವುದು. ಡೆವಲಪರ್ ಚಿತ್ರ ಮೂಡಿಸುವ ಮೊದಲೇ ಅದು ಕರಗಿಸಲು ಶುರು ಮಾಡುತ್ತದೆ. ಆ ಬಿಳಿ ಗೆರೆ ಬಂದದ್ದೂ ಹೀಗೇ. ಕತ್ತಲಲ್ಲಿ ಪೇಪರ್ ತಳ್ಳುವಾಗ ಅದರ ಅಂಚು ಒದ್ದೆ ಗೋಡೆಯನ್ನು ಒರೆಸಿಕೊಂಡು ಹೋಗಿತ್ತು.

ಈಗ ಪ್ರತಿ ಪ್ರಿಂಟ್ ಆದ ಮೇಲೆ ಡ್ರಮ್, ಮುಚ್ಚಳ, ಬಟ್ಟಲು ಬಿಡಿಬಿಡಿಯಾಗಿ ನೀರಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸುತ್ತೇನೆ. ಹೈಪೋ ಮುಟ್ಟಿದ ಬಟ್ಟೆಯನ್ನು ಇದಕ್ಕೆ ಬಳಸಬೇಡಿ. ಡೆವಲಪರ್ ಒಂದು ಸಲಕ್ಕೆ ಮಾತ್ರ, ಆಮೇಲೆ ಚೆಲ್ಲಿಬಿಡಿ.

ನಮ್ಮ ಕಡೆಯವರಿಗೆ ಬಿಸಿಲಿನ ಮಾತೂ ಹೇಳಲೇಬೇಕು. ಮೇನಲ್ಲಿ ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ, ಅಲ್ವಾ? ಪೇಪರ್ ಡೆವಲಪರ್‌ಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 20 ಡಿಗ್ರಿಯದು. ನೀರು ಬಿಸಿಯಾದಷ್ಟೂ ಚಿತ್ರ ಬೇಗ ಮೂಡುತ್ತದೆ. ಡ್ರಮ್ ಬಗ್ಗಿಸಿ ಬಸಿಯಲು ಹತ್ತು ಹದಿನೈದು ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಕಡೆ ಜಾಸ್ತಿ ಕಪ್ಪಾಗಿರುತ್ತದೆ. ಮಣ್ಣಿನ ಗಡಿಗೆಯ ನೀರು ತಗೊಳ್ಳಿ, ಬಾಟಲಿಯನ್ನು ಐಸ್ ನೀರಿನ ಬಕೆಟ್‌ನಲ್ಲಿಡಿ. ಡ್ರಮ್ ಕೂರಿಸುವ ಕಡೆ ಗೌಂಡಿಯ ರಸಮಟ್ಟ ಇಟ್ಟು ನೋಡಿ. ಸ್ವಲ್ಪ ಓರೆ ಇದ್ದರೂ ಅಷ್ಟು ಕಮ್ಮಿ ಡೆವಲಪರ್ ಒಂದೇ ಬದಿಗೆ ಹರಿಯುತ್ತದೆ.

ಫೈಬರ್ ಪೇಪರ್ ಅಂಟಿದರೆ ಎಳೆಯಬೇಡಿ. ಡ್ರಮ್ ತುಂಬ ನೀರು ಬಿಟ್ಟರೆ ತಾನೇ ಬಿಡುತ್ತದೆ. ಅದರ ಬೆನ್ನು ಹೈಪೋ ಹೀರಿರುತ್ತದೆ, ಹೊರಗೆ ತೆಗೆದು ಟ್ರೇಯಲ್ಲಿ ನೀರು ಬದಲಿಸುತ್ತಾ ತುಂಬ ಹೊತ್ತು ತೊಳೆಯಿರಿ. ಕಲಿಯುವಾಗ ಪ್ಲಾಸ್ಟಿಕ್ ಲೇಪದ ಹೊಸ ಪೇಪರ್ ಬಳಸಿ. ನಾನು ಮೊದಲೇ ಹಾಗೆ ಮಾಡಬೇಕಿತ್ತು.

ಅಪ್ಪನ ಪೇಪರ್ ಇನ್ನು ಎರಡು ಹಾಳೆ ಇವೆ, ಕಪ್ಪು ಕವರ್‌ನಲ್ಲಿ. ಮಳೆ ಬಿದ್ದು ನೀರು ತಣ್ಣಗಾದ ಮೇಲೆ ತೆಗೆಯುತ್ತೇನೆ. ದೊಡ್ಡಪ್ಪ ದಿನಾ ಫೋನ್ ಮಾಡಿ ಕೇಳುತ್ತಿದ್ದಾರೆ.