ಕ್ಯಾಂಬರ್ ಔಟ್ ಅಂದ ತಕ್ಷಣ ಸ್ಟ್ರಟ್‌ಗೆ ಜಾಕ್ ಇಡಲು ಬಿಡಬೇಡಿ

ಬೆಂಗಳೂರಿನ ಒಂದು ಟೈರ್ ಅಂಗಡಿಯಲ್ಲಿ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 245 ಗಾಡಿಯೊಂದಕ್ಕೆ ಆದದ್ದು ಇದು. ಅಂಗಡಿಯ ಹೆಸರು ಹಾಕುತ್ತಿಲ್ಲ. ಇದೇ ಕೆಲಸವನ್ನು ಇದೇ ಧೈರ್ಯದಲ್ಲಿ ಮಾಡುವ ಅಂಗಡಿಗಳು ಊರ ತುಂಬ ಇವೆ.

ಗಾಡಿಗೆ ಲೋಯರಿಂಗ್ ಸ್ಪ್ರಿಂಗ್ ಹಾಕಿಸಲಾಗಿತ್ತು. ಲೋಯರ್ ಆರ್ಮ್ ಬುಷ್ ಬದಲಿಸುವಾಗ ಮುಂದಿನ ಸಬ್‌ಫ್ರೇಮನ್ನೂ (ಲೋಯರ್ ಆರ್ಮ್‌ಗಳು ಕೂರುವ ಅಡ್ಡ ಚೌಕಟ್ಟು) ಇಳಿಸಿದ್ದರು. ಆಮೇಲೆ ಗಾಡಿ ಸ್ವಲ್ಪ ಬಲಕ್ಕೆ ಎಳೆಯತೊಡಗಿತು. ನಮ್ಮ ರಸ್ತೆಗಳು ಎಡ ಅಂಚಿಗೆ ಇಳಿಜಾರಾಗಿರುತ್ತವೆ, ಆದ್ದರಿಂದ ತುಸು ಎಡಕ್ಕೆ ಸರಿಯುವುದು ಸಹಜ. ಬಲಕ್ಕೆ ಎಳೆದರೆ ಏನೋ ಇದೆ ಎಂದೇ ಅರ್ಥ. ವೀಲ್ ಅಲೈನ್‌ಮೆಂಟ್ ಮಷಿನ್‌ಗೆ ಹಾಕಿದಾಗ ಮುಂದಿನ ಎಡ ಚಕ್ರದ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಎಂಬ ಕೋನ; ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1°25', ಬಲದ್ದು ಮೈನಸ್ 0°55' ಬಂತು. "ಲೆಫ್ಟ್ ಕ್ಯಾಂಬರ್ ಔಟ್ ಸಾರ್, ಅದಕ್ಕೆ ಬೇರೆ ಚಾರ್ಜ್" ಎಂದು ಹೇಳಿ, ಚಾಸಿಗೂ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಸ್ಟ್ರಟ್‌ಗೂ ನಡುವೆ ಹೈಡ್ರಾಲಿಕ್ ಜಾಕ್ ಕೊಟ್ಟು ಒತ್ತಿ, ಎಡವನ್ನೂ ಮೈನಸ್ 0°55'ಗೆ ತಂದರು. ಪ್ರಿಂಟ್‌ಔಟ್‌ನಲ್ಲಿ ಎಲ್ಲ ಹಸಿರು, ಅಂದರೆ ಮಿತಿಯೊಳಗೆ. ಎಳೆತವೂ ಹೋಯಿತು. ಮೋಸ ಇರುವುದು ಅಲ್ಲೇ.

ಈ ಗಾಡಿಯ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಟ್ರಟ್‌ನ ಕೆಳತುದಿ, ಚಕ್ರದ ಹಬ್ ಹೊರುವ ನಕಲ್‌ನ ಹಿಡಿತದೊಳಗೆ ಕೂತು ಒಂದೇ ಪಿಂಚ್ ಬೋಲ್ಟ್‌ನಲ್ಲಿ ಬಿಗಿಯಾಗುತ್ತದೆ. ಬೇರೆ ಕೆಲವು ಗಾಡಿಗಳಲ್ಲಿರುವಂತೆ ಎರಡು ಬೋಲ್ಟ್ ಸಡಿಲಿಸಿ ಕ್ಯಾಂಬರ್ ತಿರುಗಿಸಲು ಇಲ್ಲಿ ಜಾಗವಿಲ್ಲ. ಕಂಪನಿ ಕೊಟ್ಟಿರುವ ದಾರಿ ಒಂದೇ: ಸಬ್‌ಫ್ರೇಮ್ ಬೋಲ್ಟ್ ಸಡಿಲಿಸಿ, ಇಡೀ ಫ್ರೇಮನ್ನು ಅಡ್ಡಕ್ಕೆ ಸರಿಸಿ, ಎರಡೂ ಕಡೆಯ ಕ್ಯಾಂಬರ್ ಸಮ ಮಾಡುವುದು. ಒಂದು ಕಡೆ ಎಷ್ಟು ಕಮ್ಮಿಯಾಗುತ್ತದೋ ಇನ್ನೊಂದು ಕಡೆ ಅಷ್ಟೇ ಹೆಚ್ಚುತ್ತದೆ. ಈ ಗಾಡಿಗೆ ಬೇಕಿದ್ದದ್ದು ಅಷ್ಟೇ. ಫ್ರೇಮನ್ನು ಸುಮಾರು 3 ಮಿ.ಮೀ. ಬಲಕ್ಕೆ ಸರಿಸಿದ್ದರೆ ಎರಡೂ ಚಕ್ರ ಮೈನಸ್ 1°10'ರ ಹತ್ತಿರ ಬಂದು ನಿಲ್ಲುತ್ತಿದ್ದವು. ತಗ್ಗಿಸಿದ ಗಾಡಿಗೆ ಅದು ಒಳ್ಳೆಯ ಅಂಕಿ. ಆ ಬೋಲ್ಟ್‌ಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದೇ ಹಾಕಬೇಕು. ಟಾರ್ಕ್ ರೆಂಚ್‌ನಲ್ಲಿ ಬಿಗಿದ ಮೇಲೆ ಕೋನ ಅಳೆದು ಇನ್ನಷ್ಟು ತಿರುಗಿಸಬೇಕಾದ ಬೋಲ್ಟ್ ಅವು, ಹಳೆಯದು ಆಗಲೇ ಹಿಗ್ಗಿರುತ್ತದೆ.

ತಪ್ಪು ಫ್ರೇಮ್‌ನದ್ದು, ಸ್ಟ್ರಟ್‌ನದ್ದಲ್ಲ ಎಂಬುದು ಅವತ್ತಿನ ಮಷಿನ್‌ನಲ್ಲೇ ಇತ್ತು. ಯಾರೂ ಆ ಪುಟ ತೆರೆಯಲಿಲ್ಲ ಅಷ್ಟೇ. ಎಸ್‌ಎಐ ಎಂದು ಒಂದು ಅಂಕಿ ಇರುತ್ತದೆ, ಸ್ಟೇರಿಂಗ್ ತಿರುಗುವ ಅಕ್ಷ ಒಳಗಡೆಗೆ ಎಷ್ಟು ವಾಲಿದೆ ಎಂಬ ಕೋನ. ಚಕ್ರವನ್ನು ಎರಡೂ ಕಡೆ ತಿರುಗಿಸಿ ಕ್ಯಾಸ್ಟರ್ (ಅದೇ ಅಕ್ಷ ಹಿಂದಕ್ಕೆ ವಾಲಿದ ಕೋನ) ಅಳೆಯುವಾಗಲೇ ಇದೂ ಸಿಗುತ್ತದೆ. ಎಡದ್ದು 15°00', ಬಲದ್ದು 14°30' ಇತ್ತು. ಅದಕ್ಕೆ ಕ್ಯಾಂಬರನ್ನು ಚಿಹ್ನೆ ಸಮೇತ ಕೂಡಿಸಿ: ಎರಡೂ ಕಡೆ 13°35'. ಇದನ್ನು ಇನ್‌ಕ್ಲೂಡೆಡ್ ಆಂಗಲ್ ಎನ್ನುತ್ತಾರೆ. ಈ ಮೊತ್ತ ಎರಡೂ ಕಡೆ ಒಂದೇ ಇದ್ದು ಕ್ಯಾಂಬರ್ ಮಾತ್ರ ಬೇರೆ ಇದ್ದರೆ ಸ್ಟ್ರಟ್, ನಕಲ್ ಎರಡೂ ಸೊಟ್ಟಗಾಗಿಲ್ಲ. ಜಾಗ ಬಿಟ್ಟು ಸರಿದಿರುವುದು ಹೆಚ್ಚಾಗಿ ಫ್ರೇಮ್. ಮೊತ್ತವೇ ಬೇರೆ ಬಂದರೆ ಯಾವುದೋ ಭಾಗ ಬಗ್ಗಿದೆ. ಜಾಕ್ ಕೊಟ್ಟ ಮೇಲೆ ಎಡದ ಮೊತ್ತ 14°05' ಆಯಿತು. ಅಂದರೆ ನೆಟ್ಟಗಿದ್ದ ಭಾಗವನ್ನು ದುಡ್ಡು ತಗೊಂಡು ಬಗ್ಗಿಸಿದರು.

ಬಗ್ಗಿದ್ದು ಸ್ಟ್ರಟ್ ಟ್ಯೂಬೋ ನಕಲ್ಲೋ ಎಂದು ಬಿಚ್ಚಿ ನೋಡದೆ ಹೇಳಲಾಗದು. ಟ್ಯೂಬ್ ಆದರೆ ಒಳಗಿನ ರಾಡ್ ಒಂದೇ ಕಡೆಗೆ ಉಜ್ಜುತ್ತದೆ, ಸೀಲ್ ತಿನ್ನುತ್ತದೆ, ಎಣ್ಣೆ ಜಿನುಗುತ್ತದೆ. ಈ ಗಾಡಿಯಲ್ಲಿ ಆದದ್ದು ಅದೇ. ನಕಲ್ ಆದರೆ ಇನ್ನೂ ಕೆಟ್ಟದ್ದು. ಬಿರುಕು ಬಿಟ್ಟರೆ ಚಕ್ರ ಹಿಡಿದುಕೊಳ್ಳಲು ಬೇರೇನೂ ಇಲ್ಲ. ಓಟದಲ್ಲೂ ವ್ಯತ್ಯಾಸ ಗೊತ್ತಾಯಿತು. 370 ಎನ್‌ಎಂ ಟಾರ್ಕ್ ಪೂರ್ತಿ ಮುಂದಿನ ಚಕ್ರಗಳಿಗೇ ಹೋಗುವ ಗಾಡಿ ಇದು. ಎಡ ಬಲದ ಎಸ್‌ಎಐ ಬೇರೆ ಬೇರೆ ಇದ್ದರೆ ಆಕ್ಸಿಲರೇಟರ್ ಒತ್ತಿದಾಗ ಸ್ಟೇರಿಂಗ್ ಕೈಯಲ್ಲಿ ತಿರುಚುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ನಿಧಾನ ಓಡಿಸುವವರಿಗೆ ಇದು ತಿಳಿಯುವುದೇ ಇಲ್ಲ. ಅಂಗಡಿಯವರು ಟ್ರಯಲ್ ಹೋಗುವುದು 40ರ ವೇಗದಲ್ಲಿ.

ಹಿಂದಿನ ಚಕ್ರಗಳದ್ದು ಬೇರೆಯೇ ಕಥೆ. "ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ಲ" ಎಂದರು. ಪೋಲೋದಂತಹ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರ ಒಂದೇ ತೊಲೆಗೆ ಕೂತ) ಗಾಡಿಗೆ ಆ ಮಾತು ಸರಿ. ವಿಆರ್‌ಎಸ್‌ನ ಹಿಂದೆ ಇರುವುದು ಪ್ರತಿ ಚಕ್ರಕ್ಕೂ ಬೇರೆ ಬೇರೆ ಆರ್ಮ್‌ಗಳಿರುವ ಮಲ್ಟಿಲಿಂಕ್. ಕ್ಯಾಂಬರ್‌ಗೂ ಟೋಗೂ (ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್) ತಿರುಗಿಸಿ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್‌ಗಳಿವೆ. ಸ್ಪ್ರಿಂಗ್ ತಗ್ಗಿಸಿದಾಗ ಎರಡೂ ಬದಲಾಗುತ್ತವೆ. ಇಲ್ಲಿ ಎಡ ಹಿಂಚಕ್ರ ಟೋ-ಇನ್ 0°18', ಬಲ ಹಿಂಚಕ್ರ ಟೋ-ಔಟ್ 0°06' ಇತ್ತು. ಒಟ್ಟು ಟೋ 0°12', ಆದ್ದರಿಂದ ಆ ಚೌಕ ಹಸಿರು! ಆದರೆ ಎರಡೂ ಚಕ್ರ ಬಲಕ್ಕೇ ಮುಖ ಮಾಡಿವೆ. ಥ್ರಸ್ಟ್ ಆಂಗಲ್, ಅಂದರೆ ಹಿಂಚಕ್ರಗಳು ತಳ್ಳುವ ದಿಕ್ಕು ಗಾಡಿಯ ನಡುಗೆರೆಯಿಂದ ಸರಿದ ಕೋನ, 0°12'. ಗಾಡಿ ಹಿಂಬದಿಯನ್ನು ಬಲಕ್ಕೆ ತಳ್ಳುತ್ತ ಓಡುತ್ತದೆ, ನೇರ ಹೋಗಲು ಸ್ಟೇರಿಂಗನ್ನು ಬಲಕ್ಕೆ ಹಿಡಿದಿರಬೇಕು. ನೈಸ್ ರಸ್ತೆಯಂಥ ಕಡೆ ಉದ್ದನೆಯ ಎಡ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಭಾರವೆಲ್ಲ ಬಲ ಚಕ್ರಗಳ ಮೇಲೆ. ಟೋ-ಔಟ್ ಇರುವ ಹಿಂಚಕ್ರವೂ ಅದೇ ಬದಿಯದ್ದು, ಹಿಂಬದಿ ಜಾರಿ ಹೊರಗೆ ಬರುತ್ತದೆ. ಬಲ ತಿರುವಿನಲ್ಲಿ ಅದೇ ಗಾಡಿ ತೆಪ್ಪಗಿರುತ್ತದೆ. ಒಂದೇ ಬದಿಯ ತಿರುವಿನಲ್ಲಿ ಹೆದರಿಸುವ ಗಾಡಿಗೆ ಮೊದಲು ಹಿಂದಿನ ಟೋ ಬಿಡಿಬಿಡಿಯಾಗಿ ನೋಡಿ.

ಅಂದಹಾಗೆ ಮಷಿನ್ ಡಿಗ್ರಿ-ಮಿನಿಟ್‌ನಲ್ಲಿದೆಯೋ ದಶಮಾಂಶದಲ್ಲಿದೆಯೋ ಕೇಳಿ. 0.10° ಎಂದರೆ 6 ಮಿನಿಟ್, 10 ಮಿನಿಟ್ ಅಲ್ಲ. ಒಂದು ಚಕ್ರದ ಟೋ 10 ಮಿನಿಟ್ ತಪ್ಪಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 2.9 ಮೀಟರ್ ಅಡ್ಡ ಉಜ್ಜುತ್ತದೆ. ಒಳ ಅಂಚು ಸವೆದ ಕೂಡಲೇ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ, ಬಹುತೇಕ ಸಲ ಟೈರ್ ತಿನ್ನುವುದು ಟೋ. ಟ್ರೆಡ್ ಮೇಲೆ ಅಂಗೈ ಅಡ್ಡಡ್ಡ ಸವರಿ ನೋಡಿ: ಹೊರಗಿನಿಂದ ಒಳಕ್ಕೆ ಸವರಿದಾಗ ಅಂಚುಗಳು ಚುಚ್ಚಿದರೆ ಟೋ-ಔಟ್, ಒಳಗಿನಿಂದ ಹೊರಕ್ಕೆ ಸವರಿದಾಗ ಚುಚ್ಚಿದರೆ ಟೋ-ಇನ್ ಜಾಸ್ತಿ. ಚುಚ್ಚದೆ ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಆಗ ಕ್ಯಾಂಬರ್ ಮೇಲೆ ಅನುಮಾನ ಪಡಿ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಅಳೆಯುವ ಮುಂಚೆ ಗಾಳಿ ಸರಿಯಿರಬೇಕು, ಡಿಕ್ಕಿ ಖಾಲಿ, ಟ್ಯಾಂಕ್ ಆದಷ್ಟು ತುಂಬಿರಬೇಕು. ಚಕ್ರಕ್ಕೆ ಮಷಿನ್‌ನ ಕ್ಲಾಂಪ್ ಹಾಕಿದ ಮೇಲೆ ರನೌಟ್ (ರಿಮ್, ಕ್ಲಾಂಪ್‌ಗಳ ಡೊಂಕು) ಲೆಕ್ಕದಿಂದ ತೆಗೆಯಲು ಗಾಡಿಯನ್ನು ಮುಂದೆ ಹಿಂದೆ ಉರುಳಿಸಲೇಬೇಕು. ಇದನ್ನು ಹಾರಿಸಿದರೆ ಸ್ವಲ್ಪ ಡೊಂಕಾದ ರಿಮ್ಮಿನ ತಪ್ಪೂ ಕ್ಯಾಂಬರ್ ಲೆಕ್ಕಕ್ಕೆ ಸೇರುತ್ತದೆ. ಬಾಲ್ ಜಾಯಿಂಟ್, ಬುಷ್, ಟೈ ರಾಡ್ ತುದಿ ಅಲ್ಲಾಡಿಸಿ ನೋಡದೆ ಅಡ್ಜಸ್ಟ್ ಮಾಡಿದ್ದಕ್ಕೆ ಬೆಲೆಯಿಲ್ಲ. ಹಿಂದಿನ ಕ್ಯಾಂಬರ್ ಮೊದಲು, ಆಮೇಲೆ ಹಿಂದಿನ ಟೋ, ಏಕೆಂದರೆ ಕ್ಯಾಂಬರ್ ತಿರುಗಿಸಿದರೆ ಟೋ ಓಡುತ್ತದೆ. ನಂತರ ಸಬ್‌ಫ್ರೇಮ್, ಕೊನೆಗೆ ಸ್ಟೇರಿಂಗ್ ನೇರಕ್ಕೆ ಲಾಕ್ ಮಾಡಿ ಮುಂದಿನ ಟೋ. ಟೈ ರಾಡ್ ತಿರುಗಿಸುವಾಗ ರಬ್ಬರ್ ಬೂಟ್ ತಿರುಚಿಕೊಳ್ಳದಂತೆ ಅದರ ಕ್ಲಿಪ್ ಬಿಡಿಸಿರಬೇಕು. ಸ್ಪ್ರಿಂಗ್ ಈಚೆಗೆ ಬದಲಾಗಿದ್ದರೆ ಆರ್ಮ್‌ಗಳ ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲಿರುವಾಗ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸ್ಟೇರಿಂಗ್ ಸೊಟ್ಟ ನಿಂತರೆ ಅದನ್ನು ಕಳಚಿ ಸ್ಪ್ಲೈನ್ ಮೇಲೆ ಒಂದು ಹಲ್ಲು ತಿರುಗಿಸಿ ಕೂರಿಸುವವರಿದ್ದಾರೆ. ಬೇಡವೆನ್ನಿ. ಸೊಟ್ಟ ತೆಗೆಯಬೇಕಾದದ್ದು ಟೈ ರಾಡ್‌ನಲ್ಲಿ. ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ನೋಡುವುದು ಸ್ಟೇರಿಂಗ್ ಕೋನವನ್ನು, ಆದ್ದರಿಂದ ಕೊನೆಯಲ್ಲಿ ಸ್ಕ್ಯಾನರ್ ಹಾಕಿ ಸ್ಟೇರಿಂಗ್ ಆಂಗಲ್ ಸೆನ್ಸರನ್ನು ಸೊನ್ನೆಗೆ ತರಿಸಿ.

ಈಗಾಗಲೇ ಜಾಕ್ ಬಿದ್ದಿದ್ದರೆ ಅದನ್ನೇ ವಾಪಸ್ ಬಗ್ಗಿಸಲು ಹೋಗಬೇಡಿ. ಇನ್‌ಕ್ಲೂಡೆಡ್ ಆಂಗಲ್ ಅಳೆಸಿ. ವ್ಯತ್ಯಾಸವಿದ್ದರೆ ಸ್ಟ್ರಟ್ ಜೋಡಿಯನ್ನೇ ಬದಲಿಸಿ ಮತ್ತೆ ಅಳೆಸಿ. ಆಗಲೂ ಮೊತ್ತ ಕೂಡದಿದ್ದರೆ ಆ ಬದಿಯ ನಕಲ್ ಬದಲಿಸಬೇಕು. ಪ್ರಿಂಟ್‌ಔಟ್ ಕೇಳುವಾಗ ಮೊದಲಿನದು, ಆಮೇಲಿನದು ಎರಡನ್ನೂ, ಎಸ್‌ಎಐ ಇರುವ ಪುಟವನ್ನೂ ಸೇರಿಸಿ ಕೇಳಿ. ಆ ಪುಟ ನಮ್ಮ ಮಷಿನ್‌ನಲ್ಲಿ ಬರಲ್ಲ ಎಂದರೆ ಗಾಡಿ ರ‍್ಯಾಂಪಿನಿಂದ ಇಳಿಸಿಕೊಂಡು ಬನ್ನಿ.